ಬ್ರೂಜ್‌ನಲ್ಲಿ ಇಬ್ಬರಿಗೆ ಎರಡು ರಾತ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಲ್ಜಿಯಂ ದೇಶದ ಕಾಲುವೆಗಳ ಊರಾದ ಬ್ರೂಜ್‌ಗೆ ಜೋಡಿಯಾಗಿ ಹೋಗಬಯಸುವವರು, ಬೆಂಗಳೂರಿನಿಂದ ಹೊರಡುವವರಾಗಲಿ ಯುರೋಪಿನಲ್ಲೇ ನೆಲೆಸಿ ವಾರಾಂತ್ಯದ ಬಿಡುವು ಹುಡುಕುತ್ತಿರುವವರಾಗಲಿ, ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಇಲ್ಲಿ ಕೊಟ್ಟ ಮೊತ್ತಗಳನ್ನು ಅಂದಾಜು ಎಂದು ತಿಳಿಯಬೇಕು.

ವೆನಿಸ್, ಆಮ್‌ಸ್ಟರ್‌ಡ್ಯಾಮ್ ಇರುವಾಗ ಬ್ರೂಜ್‌ಗೇ ಏಕೆ ಹೋಗಬೇಕು?

ಕಡಿಮೆ ದಿನಗಳ ಪ್ರವಾಸಕ್ಕೆ ಊರಿನ ಅಳತೆಯೇ ಮುಖ್ಯ. ಬ್ರೂಜ್‌ನ ಹಳೆಯ ಊರು ಮೊಟ್ಟೆಯಾಕಾರದಲ್ಲಿದ್ದು, ಅದರ ಸುತ್ತ ನೀರಿನ ಉಂಗುರವಿದೆ. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆ ಸಾಕು. ಬಸ್ಸು, ಮೆಟ್ರೊ, ದೋಣಿಯ ವೇಳಾಪಟ್ಟಿಗಳನ್ನು ನೋಡುತ್ತಾ ಸಮಯ ಕಳೆಯುವ ಅಗತ್ಯವಿಲ್ಲ. ವೆನಿಸ್ ಇದಕ್ಕಿಂತ ಭವ್ಯವಾದುದು, ಆಮ್‌ಸ್ಟರ್‌ಡ್ಯಾಮ್ ಇದಕ್ಕಿಂತ ಚುರುಕಾದುದು ಎಂಬುದನ್ನು ಒಪ್ಪಲೇಬೇಕು. ಆದರೆ ಎರಡು ಮೂರು ದಿನಗಳಲ್ಲಿ ಆ ಎರಡು ನಗರಗಳು ಕೈಗೆ ಸಿಗುವುದಿಲ್ಲ, ಬ್ರೂಜ್ ಸಿಗುತ್ತದೆ.

ಈ ಊರು ಇಷ್ಟು ಹಳೆಯದಾಗಿ ಕಾಣುವುದಕ್ಕೆ ಕಾರಣ ಅದರ ಸಿರಿಯಷ್ಟೇ ಅಲ್ಲ, ಸಿರಿಯ ನಂತರ ಬಂದ ಬಡತನವೂ ಹೌದು. 1134ರ ಬಿರುಗಾಳಿಯಲ್ಲಿ ಸಮುದ್ರ ಒಳನುಗ್ಗಿ ಜ್ವಿನ್ ಎಂಬ ಅಳಿವೆಯನ್ನು ತೆರೆದಾಗ ಬ್ರೂಜ್‌ಗೆ ಕಡಲದಾರಿ ದೊರೆಯಿತು. ಇಂಗ್ಲೆಂಡಿನ ಉಣ್ಣೆ, ಬ್ರೂಜ್ ಸೇರಿರುವ ಫ್ಲಾಂಡರ್ಸ್ ಸೀಮೆಯ ಬಟ್ಟೆ, ಇಟಲಿಯ ವರ್ತಕರ ಹಣ ಎಲ್ಲವೂ ಇಲ್ಲಿಗೆ ಹರಿದುಬಂದವು. ಮುಂದೆ ಅದೇ ಅಳಿವೆಯಲ್ಲಿ ಹೂಳು ತುಂಬಿತು, ವ್ಯಾಪಾರ ಆಂಟ್‌ವರ್ಪ್‌ಗೆ ಜಾರಿತು, ಊರು ಶತಮಾನಗಳ ಕಾಲ ಬಡವಾಗಿ ಉಳಿಯಿತು. ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟಿಸುವಷ್ಟು ಹಣ ಯಾರಲ್ಲೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವಾಸಿಗರು ಬರತೊಡಗಿದ ಮೇಲೆ ಹಲವು ಕಟ್ಟಡಗಳನ್ನು ಹಳೆಯ ಮಾದರಿಯಲ್ಲೇ ದುರಸ್ತಿ ಮಾಡಲಾಯಿತು. 2000ರಲ್ಲಿ ಇಡೀ ಹಳೆಯ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬ್ರಸೆಲ್ಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಹಿಂತಿರುಗಿದರೆ ಸಾಲದೆ?

ಊರನ್ನು ನೋಡಿದೆವು ಎಂದು ಹೇಳಿಕೊಳ್ಳಲು ಸಾಕು, ಇಬ್ಬರೇ ಕಳೆಯುವ ಬಿಡುವಿಗೆ ಸಾಲದು. ಬ್ರೂಜ್‌ಗೆ ಬರುವ ಬಹುಪಾಲು ಜನ ಹಗಲಿನ ಪ್ರವಾಸಿಗರೇ: ಬ್ರಸೆಲ್ಸ್‌ನಿಂದ ರೈಲು ಹತ್ತಿ ಬಂದವರು, ಬಸ್ಸಿನಲ್ಲಿ ಗುಂಪಾಗಿ ಬಂದವರು, ಹತ್ತಿರದ ಜೇಬ್ರುಗ್ಗೆ ಬಂದರಿನಲ್ಲಿ ವಿಹಾರನೌಕೆಯಿಂದ ಇಳಿದು ಬಂದವರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರ ನಡುವಿನ ಮಾರ್ಕ್ಟ್ ಚೌಕದಿಂದ ಬೆಗೈನ್‌ಹೋಫ್ ಎಂಬ ಹಳೆಯ ಧಾರ್ಮಿಕ ಆವರಣದವರೆಗಿನ ದಾರಿಯಲ್ಲಿ ಕೈ ಹಿಡಿದು ನಡೆಯುವುದೇ ಕಷ್ಟ, ಏಕೆಂದರೆ ಎದುರಿನಿಂದ ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ನಲವತ್ತು ಜನ ಬರುತ್ತಿರುತ್ತಾರೆ. ಆರು ಗಂಟೆಯ ಹೊತ್ತಿಗೆ ಅವರೆಲ್ಲರೂ ತಂತಮ್ಮ ರೈಲು, ಬಸ್ಸು, ಹಡಗುಗಳಿಗೆ ಹಿಂತಿರುಗುತ್ತಾರೆ. ಉಳಿದ ಊರು ಅಲ್ಲಿಯೇ ರಾತ್ರಿ ತಂಗಿದವರದು. ಊರಿನ ಆಡಳಿತಕ್ಕೂ ಇದು ಗೊತ್ತು: ಒಂದು ದಿನದ ಭೇಟಿಗೆ ಜನರನ್ನು ಕರೆಯುವ ಜಾಹೀರಾತುಗಳನ್ನು ನಿಲ್ಲಿಸುವುದಾಗಿ 2019ರಲ್ಲಿ ಅದೇ ಹೇಳಿತು.

ಆದ್ದರಿಂದ ಎರಡು ರಾತ್ರಿ ಎಂಬುದು ಕನಿಷ್ಠ ಲೆಕ್ಕ. ಒಂದೇ ರಾತ್ರಿಯಾದರೆ ಬಂದ ದಿನದ ದಣಿವಿನಲ್ಲಿ ಅದು ಮುಗಿದುಹೋಗುತ್ತದೆ. ಸಂಜೆಯ ನಡಿಗೆ, ಮುಂಜಾನೆಯ ನಡಿಗೆ, ನಡುವೆ ಜನಜಂಗುಳಿಯ ಹೊತ್ತಿನಲ್ಲಿ ಸಂಗ್ರಹಾಲಯ ಅಥವಾ ಸೈಕಲ್ ಸವಾರಿ ಎಂಬ ಕ್ರಮವನ್ನು ಇಟ್ಟುಕೊಂಡರೆ ಬ್ರೂಜ್ ಬೇರೆಯೇ ಊರಾಗಿ ಕಾಣುತ್ತದೆ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರಗಳವರೆಗೆ ಮತ್ತು ಸೆಪ್ಟೆಂಬರ್ ತಿಂಗಳು. ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಊಟ ಮುಗಿಸಿ ಹೊರಬಂದರೂ ಕಾಲುವೆಯ ಮೇಲೆ ಬೆಳಕು ಉಳಿದಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುತ್ತದೆ. ಆಗ ದೀಪಾಲಂಕಾರ ಮತ್ತು ಕ್ರಿಸ್‌ಮಸ್ ಸಂತೆ ಇದ್ದರೂ ಕೋಣೆಯ ಬಾಡಿಗೆ ಏರಿರುತ್ತದೆ. ನಿಜವಾಗಿ ಖಾಲಿ ಊರು ಬೇಕೆನ್ನುವವರು ಜನವರಿ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ ಹೋಗಬಹುದು. ಚಳಿ ಒದ್ದೆಯಾಗಿರುತ್ತದೆ, ದೋಣಿಗಳು ಬಹುತೇಕ ನಿಂತಿರುತ್ತವೆ, ಆದರೆ ಮಂಜು ಕವಿದ ಕಾಲುವೆಯ ದಂಡೆಯಲ್ಲಿ ನೀವಿಬ್ಬರೇ ಇರುತ್ತೀರಿ. ಪ್ರೇಮಿಗಳ ದಿನದ ವಾರಾಂತ್ಯವನ್ನು ಮಾತ್ರ ಬಿಟ್ಟುಬಿಡುವುದು ಜಾಣತನ. ಪ್ರಣಯದ ಊರಿಗೆ ಪ್ರಣಯದ ದಿನವೇ ಹೋಗಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ.

ಈಸ್ಟರ್ ದಿನದಿಂದ ಎಣಿಸಿದರೆ ನಲವತ್ತನೆಯ ದಿನ, ಅಂದರೆ ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ, ಕ್ರಿಸ್ತನ ರಕ್ತವೆಂದು ನಂಬಲಾದ ಅವಶೇಷವನ್ನು ಹೊತ್ತು ಸಾಗುವ ಪವಿತ್ರ ರಕ್ತದ ಮೆರವಣಿಗೆ ನಡೆಯುತ್ತದೆ. ನಮ್ಮ ರಥೋತ್ಸವದಂತೆ ಇಡೀ ಊರು ಬೀದಿಗೆ ಇಳಿಯುವ ದಿನವದು. ಅದನ್ನು ನೋಡಲೆಂದೇ ಹೋಗುವುದಾದರೆ ಚೆನ್ನ, ಏಕಾಂತ ಬೇಕಾದರೆ ಬೇರೆ ವಾರ ಆರಿಸಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯಾವ ವೀಸಾ ಬೇಕು?

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾ ಬೇಕು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಹಾಕುವಂತಿಲ್ಲ. ಬೇಸಿಗೆ ರಜೆಯ ಕಾಲದಲ್ಲಿ ಅರ್ಜಿ ಸಲ್ಲಿಸುವ ಭೇಟಿಗೆ ದಿನಾಂಕವೇ ಬೇಗ ಸಿಗದಿರುವುದರಿಂದ ಎರಡು ಮೂರು ತಿಂಗಳ ಮುಂಚೆಯೇ ಅರ್ಜಿಯ ಕೆಲಸಕ್ಕೆ ತೊಡಗುವುದು ಲೇಸು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಇರಬೇಕು; ಶೆಂಗೆನ್ ಪ್ರದೇಶದಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಗಂಡ ಹೆಂಡತಿ ಆದರೂ ಇಬ್ಬರದೂ ಪ್ರತ್ಯೇಕ ಅರ್ಜಿ.

ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಸೇರಿಸಿ ಹೋಗುವವರು ಒಂದು ನಿಯಮವನ್ನು ಗಮನಿಸಬೇಕು: ಹೆಚ್ಚು ದಿನ ತಂಗುವ ದೇಶದ ಮೂಲಕವೇ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶದ ಮೂಲಕ. ಜರ್ಮನಿ, ನೆದರ್‌ಲ್ಯಾಂಡ್ಸ್ ಮೊದಲಾದ ಶೆಂಗೆನ್ ದೇಶಗಳಲ್ಲಿ ವಾಸದ ಪರವಾನಗಿ ಹೊಂದಿರುವ ಕನ್ನಡಿಗರಿಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡೂ ಜೊತೆಯಲ್ಲಿದ್ದರೆ ಸಾಕು. ಲಂಡನ್ನಿನಲ್ಲಿರುವವರಿಗೆ ಈ ಅನುಕೂಲವಿಲ್ಲ. ಬ್ರಿಟನ್ ಶೆಂಗೆನ್ ಒಕ್ಕೂಟದಲ್ಲಿ ಇಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ತೆಗೆದುಕೊಳ್ಳಲೇಬೇಕು.

ಮದುವೆಯಾಗದ ಜೋಡಿಗೆ ಹೋಟೆಲ್ ಕೋಣೆ ಕೊಡುತ್ತಾರೆಯೇ?

ಕೊಡುತ್ತಾರೆ. ಪಾಸ್‌ಪೋರ್ಟ್ ಹೊರತು ಬೇರೇನನ್ನೂ ಯಾರೂ ಕೇಳುವುದಿಲ್ಲ.

ತಲುಪುವುದು ಹೇಗೆ?

ಬ್ರೂಜ್‌ನಲ್ಲಿ ಪ್ರವಾಸಿಗೆ ಉಪಯೋಗವಾಗುವ ವಿಮಾನ ನಿಲ್ದಾಣವಿಲ್ಲ. ಬ್ರಸೆಲ್ಸ್‌ಗೆ ಬಂದು ರೈಲು ಹತ್ತಬೇಕು. ಸುಮಾರು ನೂರು ಕಿಲೊಮೀಟರ್ ದೂರ, ಒಂದು ಗಂಟೆಯ ಪ್ರಯಾಣ. ವಿಮಾನ ನಿಲ್ದಾಣದ ಕೆಳಗಿನ ನಿಲ್ದಾಣದಿಂದಲೇ ಹೊರಟರೆ ಒಂದೂವರೆ ಗಂಟೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್‌ಗೆ ನೇರ ವಿಮಾನದಲ್ಲಿ ಬಂದು ಅಲ್ಲಿಂದ ರೈಲು ಹಿಡಿಯುವುದೂ ಒಳ್ಳೆಯ ದಾರಿಯೇ. ಲಂಡನ್ನಿನಿಂದ ಯೂರೋಸ್ಟಾರ್ ರೈಲು ಎರಡು ಗಂಟೆಯಲ್ಲಿ ಬ್ರಸೆಲ್ಸ್ ಮುಟ್ಟಿಸುತ್ತದೆ.

ಬೆಲ್ಜಿಯಂನ ಒಳಗಿನ ರೈಲುಗಳಿಗೆ ಆಸನ ಕಾಯ್ದಿರಿಸುವ ಪದ್ಧತಿಯಿಲ್ಲ. ಟಿಕೆಟ್ಟನ್ನು ಫೋನಿನಲ್ಲೋ ಯಂತ್ರದಲ್ಲೋ ಮೊದಲೇ ಕೊಳ್ಳಬೇಕು. ರೈಲಿನೊಳಗೆ ಕೊಂಡರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಊರಿನ ಡಚ್ ಹೆಸರು ಬ್ರುಗ್ಗೆ. ಬ್ರಸೆಲ್ಸ್ ದಾಟಿ ಫ್ಲಾಂಡರ್ಸ್‌ಗೆ ಬಂದ ಮೇಲೆ ಫಲಕಗಳಲ್ಲಿ ಆ ಹೆಸರು ಮಾತ್ರ ಇರುತ್ತದೆ. ಇಲ್ಲಿಯ ಭಾಷೆ ಡಚ್. ಫ್ರೆಂಚ್ ಕಲಿತಿದ್ದೇನೆಂದು ಹುಮ್ಮಸ್ಸಿನಿಂದ ಫ್ರೆಂಚ್‌ನಲ್ಲಿ ಮಾತು ಶುರು ಮಾಡುವುದಕ್ಕಿಂತ ಇಂಗ್ಲಿಷಿನಲ್ಲಿ ಕೇಳುವುದೇ ಮೇಲು.

ಉಳಿದುಕೊಳ್ಳಲು ಊರಿನ ಯಾವ ಭಾಗ ಒಳ್ಳೆಯದು?

ನೀರಿನ ಉಂಗುರದ ಒಳಗೆ ಎಲ್ಲಿದ್ದರೂ ನಡೆಯುವಷ್ಟೇ ದೂರ, ಆದ್ದರಿಂದ ಮಾರ್ಕ್ಟ್‌ಗೆ ಅಂಟಿಕೊಂಡ ದುಬಾರಿ ಕೋಣೆಗೆ ಹಣ ಸುರಿಯುವ ಅಗತ್ಯವಿಲ್ಲ. ನಮ್ಮ ಆಯ್ಕೆ ಪೂರ್ವದ ಸಿಂಟ್-ಅನ್ನಾ ಬಡಾವಣೆ ಮತ್ತು ಉದ್ದನೆಯ ಕಾಲುವೆಯೊಂದರ ಲಾಂಗೆರೈ, ಪಾಟರೀರೈ ಎಂಬ ಎರಡು ದಂಡೆಗಳು. ಅಲ್ಲಿ ಊರಿನವರೇ ವಾಸಿಸುತ್ತಾರೆ, ಬೆಳಿಗ್ಗೆ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದು ಕಾಣುತ್ತದೆ, ಮಾರ್ಕ್ಟ್ ಹದಿನೈದು ನಿಮಿಷದ ನಡಿಗೆ.

ಹಳೆಯ ಮನೆಗಳನ್ನೇ ಹೋಟೆಲ್ ಮಾಡಿರುವುದರಿಂದ ಮೆಟ್ಟಿಲುಗಳು ಕಡಿದಾಗಿರುತ್ತವೆ, ಲಿಫ್ಟ್ ಇಲ್ಲದಿರುವುದು ಸಾಮಾನ್ಯ. ದೊಡ್ಡ ಸೂಟ್‌ಕೇಸುಗಳಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಕಾಲುವೆಯ ನೋಟವಿರುವ ಕೋಣೆ ಎಂದು ಹೆಚ್ಚು ಹಣ ಕೇಳುವ ಕಡೆ, ಆ ನೋಟ ಹಾಸಿಗೆಯಿಂದ ಕಾಣುತ್ತದೆಯೋ ಸ್ನಾನದಮನೆಯ ಕಿಟಕಿಯಿಂದ ಕತ್ತು ಚಾಚಿದರೆ ಕಾಣುತ್ತದೆಯೋ ಎಂದು ಕೇಳಲು ಸಂಕೋಚ ಬೇಡ.

ದೋಣಿವಿಹಾರ ಮಾಡಲೇಬೇಕೆ?

ಮಾಡಬೇಕು, ಆದರೆ ಅದರಿಂದ ಏಕಾಂತವನ್ನು ನಿರೀಕ್ಷಿಸಬಾರದು. ವೆನಿಸ್‌ನ ಗೊಂಡೊಲದಂತೆ ಇಬ್ಬರನ್ನೇ ಕೂರಿಸಿಕೊಂಡು ಹೋಗುವ ದೋಣಿ ಇದಲ್ಲ. ತೆರೆದ ಮೋಟಾರು ದೋಣಿಯಲ್ಲಿ ಮೂವತ್ತು ನಲವತ್ತು ಜನ ಒತ್ತಾಗಿ ಕೂರುತ್ತಾರೆ, ಚಾಲಕನೇ ಎರಡು ಮೂರು ಭಾಷೆಗಳಲ್ಲಿ ವಿವರಣೆ ಕೊಡುತ್ತಾನೆ. ಸುಮಾರು ಅರ್ಧ ಗಂಟೆಯ ಸುತ್ತು, ತಲಾ 15 ಯೂರೊ ಆಸುಪಾಸು. ಮಾರ್ಚ್‌ನಿಂದ ನವೆಂಬರ್ ಮಧ್ಯದವರೆಗೆ ಐದು ಕಟ್ಟೆಗಳಿಂದ ದೋಣಿಗಳು ಹೊರಡುತ್ತವೆ. ಎಲ್ಲವೂ ಹೆಚ್ಚು ಕಡಿಮೆ ಒಂದೇ ದಾರಿಯಲ್ಲಿ ಹೋಗುವುದರಿಂದ ಸಾಲು ಚಿಕ್ಕದಿರುವ ಕಟ್ಟೆಯನ್ನು ಆರಿಸಿಕೊಳ್ಳಬಹುದು. ಬೆಳಿಗ್ಗೆ ಹತ್ತಕ್ಕೆ ಹೊರಡುವ ಮೊದಲ ದೋಣಿಗಳಲ್ಲಿ ಜಾಗ ಸಿಕ್ಕರೆ ನೀರು ಇನ್ನೂ ಕದಡಿರುವುದಿಲ್ಲ, ಮನೆಗಳ ಪ್ರತಿಬಿಂಬ ಪೂರ್ತಿಯಾಗಿ ಕಾಣುತ್ತದೆ.

ದೋಣಿಯಿಂದ ಕಾಣುವ ಮನೆಗಳ ಹಿಂಬದಿ, ನೀರಿಗೆ ಇಳಿಯುವ ಖಾಸಗಿ ಮೆಟ್ಟಿಲು, ಗೋಡೆಯಾಚೆಯ ತೋಟಗಳು ರಸ್ತೆಯಿಂದ ಕಾಣುವುದೇ ಇಲ್ಲ. ಅರ್ಧ ಗಂಟೆಯ ಇಕ್ಕಟ್ಟನ್ನು ಸಹಿಸಿಕೊಳ್ಳಲು ಅಷ್ಟು ಕಾರಣ ಸಾಕು.

ಹಾಗಾದರೆ ಏಕಾಂತದ ನಡಿಗೆಗೆ ಯಾವ ದಂಡೆ?

ಎಲ್ಲರೂ ಚಿತ್ರ ತೆಗೆಯುವ ತಾಣ ರೋಝೆನ್‌ಹುಡ್‌ಕಾಯ್: ಕಾಲುವೆ ತಿರುಗುವ ಮೂಲೆ, ಮೇಲೆ ಬಾಗಿದ ಮರ, ಹಿಂದೆ ಗಂಟೆಗೋಪುರ. ಹಗಲಿನಲ್ಲಿ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಸಂಜೆ ದೀಪ ಹೊತ್ತಿಕೊಂಡ ಮೇಲೆ ಅಥವಾ ಬೆಳಿಗ್ಗೆ ಏಳಕ್ಕೆ ಹೋದರೆ ಅದೇ ಮೂಲೆ ಖಾಲಿ. ಅಲ್ಲಿಂದ ಮೀನುಪೇಟೆಯ ಕಂಬಗಳ ಮಂಟಪವನ್ನು ದಾಟಿ ಗ್ರೂನೆರೈ ದಂಡೆಗೆ ಬನ್ನಿ. ಕಡಿಮೆ ಎತ್ತರದ ಕಲ್ಲುಸೇತುವೆಗಳು, ನೀರಿಗೆ ಇಳಿಬಿದ್ದ ಬಳ್ಳಿ, ಒಂದು ಬದಿಯಲ್ಲಿ ಮನೆಗಳ ಗೋಡೆ ನೇರವಾಗಿ ನೀರಿನಿಂದಲೇ ಎದ್ದಿರುವುದು. ಇಡೀ ಬ್ರೂಜ್‌ನಲ್ಲಿ ಇಷ್ಟು ಸುಂದರವಾದ ಇನ್ನೂರು ಮೀಟರ್ ಬೇರೆಲ್ಲೂ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಸಮಯವಿದ್ದರೆ ಉತ್ತರಕ್ಕೆ ತಿರುಗಿ ಸ್ಪೀಗೆಲ್‌ರೈ ಮತ್ತು ಯಾನ್ ವಾನ್ ಐಕ್ ಚೌಕಕ್ಕೆ ನಡೆಯಿರಿ. ಹಿಂದೆ ಸರಕಿನ ದೋಣಿಗಳು ಇಲ್ಲಿಯವರೆಗೆ ಬಂದು ಸುಂಕ ಕಟ್ಟುತ್ತಿದ್ದವು. ಸುಂಕದ ಮನೆ ಈಗಲೂ ನಿಂತಿದೆ. ಅದರಾಚೆಗೆ ಆಗಸ್ಟೈನೆನ್‌ರೈ ಕಾಲುವೆಯ ಮೇಲೆ ಹದಿನಾಲ್ಕನೆಯ ಶತಮಾನದ ಸೇತುವೆಯೊಂದಿದೆ. ಅದರ ಕೈಪಿಡಿಗೋಡೆಯಲ್ಲಿ ಕಲ್ಲಿನ ಆಸನಗಳಿವೆ. ಒಮ್ಮೆ ವ್ಯಾಪಾರಿಗಳು ಸರಕು ಹರವುತ್ತಿದ್ದ ಜಾಗವೆಂದು ಹೇಳುತ್ತಾರೆ, ಇಬ್ಬರು ಕುಳಿತು ಹರಟಲು ಹೇಳಿಮಾಡಿಸಿದಂತಿದೆ.

ಬೋನಿಫೇಸಿಯಸ್ ಸೇತುವೆಯ ವಿಷಯದಲ್ಲಿ ಒಂದು ಮಾತು. ಪಾಚಿ ಹಿಡಿದ ಕಲ್ಲು, ಅಕ್ಕಪಕ್ಕದ ಮರದ ಮನೆಗಳು ಸೇರಿ ಅದು ಊರಿನ ಅತಿ ಪ್ರಾಚೀನ ಸೇತುವೆಯಂತೆ ಕಾಣುತ್ತದೆ. ಕಟ್ಟಿದ್ದು 1910ರ ಸುಮಾರಿಗೆ. ಚಿತ್ರ ಚೆನ್ನಾಗಿಯೇ ಬರುತ್ತದೆ.

ಮಿನ್ನೆವಾಟರ್ ಸರೋವರದ ಪ್ರೇಮಕಥೆ ನಿಜವೇ?

ಕಥೆ ಹೀಗಿದೆ: ಮಿನ್ನಾ ಎಂಬ ಹುಡುಗಿ ನೆರೆಯ ಪಂಗಡದ ಸ್ಟ್ರಾಂಬರ್ಗ್ ಎಂಬ ಯೋಧನನ್ನು ಪ್ರೀತಿಸಿದಳು, ತಂದೆ ಬೇರೊಬ್ಬನಿಗೆ ಮದುವೆ ನಿಶ್ಚಯಿಸಿದಾಗ ಕಾಡಿಗೆ ಓಡಿಹೋದಳು, ಸ್ಟ್ರಾಂಬರ್ಗ್ ಹುಡುಕಿಕೊಂಡು ಬರುವ ಹೊತ್ತಿಗೆ ದಣಿದು ಅವನ ತೋಳುಗಳಲ್ಲೇ ಪ್ರಾಣ ಬಿಟ್ಟಳು. ಅವನು ಹೊಳೆಗೆ ಅಡ್ಡಕಟ್ಟಿ, ಬರಿದಾದ ಪಾತ್ರದಲ್ಲಿ ಅವಳನ್ನು ಹೂಳಿ, ಮತ್ತೆ ನೀರು ಹರಿಯಬಿಟ್ಟನಂತೆ. ಇದಕ್ಕೆ ಚರಿತ್ರೆಯ ಆಧಾರವಿಲ್ಲ. ಕಾಲುವೆಗಳ ನೀರಿನ ಮಟ್ಟವನ್ನು ಕಾಪಾಡಲು ಕಟ್ಟಿದ ಜಲಾಶಯವದು. ಗೆಂಟ್ ಕಡೆಗೆ ಹೋಗುವ ಸರಕುದೋಣಿಗಳೂ ಅಲ್ಲಿ ತಂಗುತ್ತಿದ್ದವು. ದಕ್ಷಿಣದ ಸೇತುವೆಯನ್ನು ಜೊತೆಯಾಗಿ ದಾಟಿದವರ ಪ್ರೀತಿ ಅಳಿಯದು ಎಂಬ ನಂಬಿಕೆಯಿದೆ. ದಾಟಲು ಶುಲ್ಕವಿಲ್ಲ, ನಿಲ್ದಾಣದಿಂದ ಊರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಆದ್ದರಿಂದ ದಾಟಿಬಿಡಿ.

ಅಲ್ಲಿಯ ಹಂಸಗಳಿಗೂ ಒಂದು ಕಥೆಯಿದೆ, ಅದು ಸ್ವಲ್ಪ ರಕ್ತಸಿಕ್ತ. 1488ರಲ್ಲಿ ತೆರಿಗೆಗಳಿಂದ ರೊಚ್ಚಿಗೆದ್ದ ಊರಿನವರು ಆಳರಸನಾದ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್‌ನನ್ನೇ ಸೆರೆಯಿಟ್ಟು, ಅವನ ಆಪ್ತ ಪೀಟರ್ ಲಾಂಕಲ್ಸ್‌ನ ತಲೆ ಕಡಿದರು. ಲಾಂಕಲ್ಸ್‌ನ ಲಾಂಛನದಲ್ಲಿ ಹಂಸವಿತ್ತು. ಪ್ರಾಯಶ್ಚಿತ್ತವಾಗಿ ಊರಿನವರು ಶಾಶ್ವತವಾಗಿ ಹಂಸಗಳನ್ನು ಸಾಕಬೇಕೆಂದು ಮ್ಯಾಕ್ಸಿಮಿಲಿಯನ್ ಆಜ್ಞೆ ಮಾಡಿದನೆಂದು ಜನ ಹೇಳುತ್ತಾರೆ. ಸೆರೆಯೂ ವಧೆಯೂ ನಡೆದದ್ದು ನಿಜ, ಹಂಸಗಳ ಆಜ್ಞೆ ದಂತಕಥೆ.

ನಮಗೆ ಚಿತ್ರಕಲೆ ಅಷ್ಟಾಗಿ ತಿಳಿಯದು. ಸಂಗ್ರಹಾಲಯಗಳನ್ನು ಬಿಟ್ಟುಬಿಡಬಹುದೆ?

ಎಲ್ಲವನ್ನೂ ನೋಡಬೇಕಿಲ್ಲ, ಎರಡನ್ನು ಬಿಡಬೇಡಿ. ಮೊದಲನೆಯದು ಗ್ರೂನಿಂಗೆ ಸಂಗ್ರಹಾಲಯದಲ್ಲಿರುವ ಒಂದು ಚಿಕ್ಕ ಚಿತ್ರ. ಬ್ರೂಜ್‌ನಲ್ಲೇ ನೆಲೆಸಿ 1441ರಲ್ಲಿ ಇಲ್ಲಿಯೇ ತೀರಿಕೊಂಡ ಯಾನ್ ವಾನ್ ಐಕ್ ತನ್ನ ಹೆಂಡತಿ ಮಾರ್ಗರೆಟ್‌ಳನ್ನು ಬರೆದದ್ದು. ರಾಣಿಯೂ ಅಲ್ಲ, ಸಂತಳೂ ಅಲ್ಲ. ಕೆಂಪು ಉಣ್ಣೆಯ ಉಡುಪು, ಬಿಳಿ ತಲೆವಸ್ತ್ರ ತೊಟ್ಟು ಚಿತ್ರಕಾರನನ್ನು ನೇರವಾಗಿ ನೋಡುತ್ತಿರುವ ಗೃಹಿಣಿ. ಚೌಕಟ್ಟಿನ ಮೇಲಿನ ಬರಹ ಅವಳ ಬಾಯಿಂದಲೇ ಬಂದಂತಿದೆ: ತನ್ನ ಗಂಡ ಯೊಹಾನೆಸ್ 1439ರ ಜೂನ್ 17ರಂದು ತನ್ನನ್ನು ಬರೆದು ಮುಗಿಸಿದನೆಂದೂ ಆಗ ತನಗೆ ಮೂವತ್ತಮೂರು ವರ್ಷವೆಂದೂ ಅವಳು ಹೇಳುತ್ತಾಳೆ. ಕಲಾವಿದನೊಬ್ಬ ತನ್ನ ಹೆಂಡತಿಯನ್ನೇ ಚಿತ್ರಿಸಿದ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಸುಂದರಿಯೆಂದು ತೋರಿಸಲು ಅವನು ಏನನ್ನೂ ತಿದ್ದಿಲ್ಲ, ತುಟಿಯ ಬಿಗಿಯನ್ನೂ ಬಿಟ್ಟಿಲ್ಲ. ಜೋಡಿಯಾಗಿ ನಿಂತು ನೋಡಬೇಕಾದ ಚಿತ್ರವೆಂದರೆ ಇದು.

ಎರಡನೆಯದು ಅವರ್ ಲೇಡಿ ಚರ್ಚು. 115 ಮೀಟರಿಗೂ ಎತ್ತರದ ಇಟ್ಟಿಗೆಯ ಗೋಪುರ ಅದರ ಗುರುತು. ಒಳಗೆ ಮೈಕೆಲ್ಯಾಂಜೆಲೊ ಅಮೃತಶಿಲೆಯಲ್ಲಿ ಕಡೆದ ತಾಯಿ ಮಗುವಿನ ಶಿಲ್ಪವಿದೆ. ಅವನು ಬದುಕಿದ್ದಾಗಲೇ ಇಟಲಿಯಿಂದ ಹೊರಗೆ ಹೋದ ಅವನ ಕೆಲವೇ ಕೃತಿಗಳಲ್ಲಿ ಒಂದು. 1794ರಲ್ಲಿ ಫ್ರೆಂಚರು, 1944ರಲ್ಲಿ ಜರ್ಮನ್ನರು ಅದನ್ನು ಹೊತ್ತೊಯ್ದರು, ಎರಡು ಸಲವೂ ಹಿಂತಿರುಗಿ ಬಂತು. ಎರಡನೆಯ ಸಲ ಅದು ಸಿಕ್ಕಿದ್ದು ಆಸ್ಟ್ರಿಯಾದ ಉಪ್ಪಿನ ಗಣಿಯೊಂದರಲ್ಲಿ. ಅದೇ ಚರ್ಚಿನಲ್ಲಿ, ಆಗ ಈ ಸೀಮೆಯನ್ನು ಆಳುತ್ತಿದ್ದ ಬರ್ಗಂಡಿ ವಂಶದ ಮೇರಿಯ ಸಮಾಧಿಯಿದೆ. ಮೇಲೆ ಹೇಳಿದ ಮ್ಯಾಕ್ಸಿಮಿಲಿಯನ್‌ನ ಹೆಂಡತಿ ಅವಳು. 1477ರಲ್ಲಿ ರಾಜಕಾರಣಕ್ಕಾಗಿ ಆದ ಮದುವೆ ಪ್ರೀತಿಯ ಸಂಸಾರವಾಗಿ ಬೆಳೆಯಿತು. ಐದು ವರ್ಷಗಳ ನಂತರ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಇಪ್ಪತ್ತೈದರ ಹರೆಯದಲ್ಲಿ ತೀರಿಕೊಂಡಳು. ಸಮಾಧಿಯ ಮೇಲೆ ಚಿನ್ನದ ಲೇಪದ ಕಂಚಿನ ಪ್ರತಿಮೆಯಾಗಿ ಮಲಗಿದ್ದಾಳೆ. ಅವಳ ಮಗ ಫಿಲಿಪ್‌ನ ಹೃದಯವನ್ನೂ ಅಲ್ಲಿಯೇ ಇಡಲಾಗಿದೆ. ಪಕ್ಕದಲ್ಲಿ ಅವಳ ತಂದೆ ಚಾರ್ಲ್ಸ್‌ನ ಸಮಾಧಿ.

ಸಂಗ್ರಹಾಲಯಗಳಿಗೆ ವಾರಕ್ಕೊಂದು ದಿನ ರಜೆಯಿದ್ದು, ಆ ದಿನ ಒಂದೊಂದಕ್ಕೂ ಬೇರೆ ಇರುವುದರಿಂದ ಹೊರಡುವ ಮುನ್ನ ನೋಡಿಕೊಳ್ಳಬೇಕು.

ಗಂಟೆಗೋಪುರದ 366 ಮೆಟ್ಟಿಲು ಹತ್ತುವುದು ಸಾರ್ಥಕವೇ?

ಮೊಣಕಾಲು ಗಟ್ಟಿಯಿದ್ದರೆ ಸಾರ್ಥಕ. 83 ಮೀಟರ್ ಎತ್ತರದ ಗೋಪುರದ ಮೇಲ್ಭಾಗಕ್ಕೆ ಬಂದಂತೆ ಸುರುಳಿ ಮೆಟ್ಟಿಲು ಕಿರಿದಾಗುತ್ತಾ ಹೋಗಿ, ಇಳಿಯುವವರಿಗೆ ಗೋಡೆಗೆ ಒರಗಿ ದಾರಿ ಬಿಡಬೇಕಾಗುತ್ತದೆ. ಇಕ್ಕಟ್ಟಿಗೆ ಹೆದರುವವರು ಕೆಳಗೆ ಕಾಫಿ ಕುಡಿಯುತ್ತಾ ಗಂಟೆಗಳ ಸಂಗೀತ ಕೇಳಬಹುದು: ಒಟ್ಟು 47 ಗಂಟೆಗಳಿದ್ದು, ಕಾಲು ಗಂಟೆಗೊಮ್ಮೆ ತಾವಾಗಿ ನುಡಿಯುತ್ತವೆ, ವಾರದ ಕೆಲವು ದಿನ ವಾದಕರು ಕೂತು ನುಡಿಸುತ್ತಾರೆ. ಹತ್ತುವ ಸಮಯವನ್ನು ಮೊದಲೇ ಕಾಯ್ದಿರಿಸುವುದು ಒಳಿತು.

ಬೆಗೈನ್‌ಹೋಫ್‌ನೊಳಗೆ ಹೇಗೆ ನಡೆದುಕೊಳ್ಳಬೇಕು?

ಮೆಲ್ಲಗೆ. ಸನ್ಯಾಸ ಸ್ವೀಕರಿಸದೆಯೇ ಧಾರ್ಮಿಕ ಜೀವನ ನಡೆಸಬಯಸಿದ ಹೆಂಗಸರಿಗಾಗಿ 1245ರಲ್ಲಿ ಸ್ಥಾಪನೆಯಾದ ಆವರಣವಿದು. ವಿಧವೆಯರು, ಮದುವೆ ಬೇಡವೆಂದವರು ಇಲ್ಲಿ ಸ್ವಂತ ದುಡಿಮೆಯಿಂದ ಬದುಕುತ್ತಿದ್ದರು. 1927ರಿಂದ ಬೆನೆಡಿಕ್ಟೈನ್ ಸನ್ಯಾಸಿನಿಯರು ಇದ್ದಾರೆ. ಬಿಳಿ ಬಳಿದ ಮನೆಗಳ ನಡುವಿನ ಹುಲ್ಲಿನಲ್ಲಿ ವಸಂತದಲ್ಲಿ ಹಳದಿ ಡ್ಯಾಫೊಡಿಲ್ ಹೂಗಳು ತುಂಬಿರುತ್ತವೆ. ಸಂಜೆ ಬಾಗಿಲು ಹಾಕುತ್ತಾರೆ. ಇದು ಜನರ ಮನೆ, ಆದ್ದರಿಂದ ಮುತ್ತಿಡುವ ಭಂಗಿಯ ಫೋಟೊಗಳಿಗೆ ಬೇರೆ ಜಾಗ ಹುಡುಕಿಕೊಳ್ಳುವುದು ಸಭ್ಯತೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಉಪವಾಸ ಬೀಳುವ ಭಯವಿಲ್ಲ, ಆದರೆ ಎಚ್ಚರ ಬೇಕು. ಬಹುಮುಖ್ಯವಾದದ್ದು ಆಲೂಗಡ್ಡೆಯ ಕರಿದ ಹೋಳುಗಳು, ಅಂದರೆ ಫ್ರಿಟ್ಸ್. ಬೆಲ್ಜಿಯಂನಲ್ಲಿ ಸಾಂಪ್ರದಾಯಿಕವಾಗಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಈಗಲೂ ಹಲವು ಅಂಗಡಿಗಳಲ್ಲಿ ಹಾಗೆಯೇ. ಆಲೂಗಡ್ಡೆ ತಾನೆ ಎಂದು ನಿಶ್ಚಿಂತೆಯಿಂದ ಕೊಳ್ಳುವ ಮುನ್ನ ಯಾವುದರಲ್ಲಿ ಕರಿದಿದ್ದೀರಿ ಎಂದು ಕೇಳಿ. ಸಸ್ಯಜನ್ಯ ಎಣ್ಣೆ ಬಳಸುವವರೂ ಇದ್ದಾರೆ, ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕ್ರೋಕೆಟ್ ಎಂಬ ಕರಿದ ತಿನಿಸಿನಲ್ಲಿ ಚೀಸಿನದೂ ಸೀಗಡಿಯದೂ ಇರುತ್ತದೆ, ನೋಡಲು ಒಂದೇ ರೀತಿ; ಒಂದೇ ಬಾಣಲೆಯಲ್ಲಿ ಬೇಯುವುದೂ ಉಂಟು. ದಿನದ ಸೂಪ್ ತರಕಾರಿಯದೇ ಆದರೂ ಅದರ ರಸ ಮಾಂಸದ್ದಾಗಿರಬಹುದು. ವೇಫಲ್‌ಗಳಲ್ಲಿ ಮೊಟ್ಟೆಯಿರುತ್ತದೆ, ಮೇಯನೇಸ್‌ನಲ್ಲೂ ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಊರಿನಲ್ಲಿ ಸಸ್ಯಾಹಾರದ ಅಡುಗೆ ಚೆನ್ನಾಗಿ ಮಾಡುವ ಜಾಗಗಳಿವೆ, ಭಾರತೀಯ ರೆಸ್ಟೊರೆಂಟುಗಳೂ ಇವೆ. ಅಡುಗೆಮನೆಯಿರುವ ಬಾಡಿಗೆ ಕೋಣೆ ಹಿಡಿದು, ಬುಧವಾರ ಬೆಳಿಗ್ಗೆ ಮಾರ್ಕ್ಟ್ ಚೌಕದಲ್ಲೋ ಶನಿವಾರ ಟ್-ಝಾಂಡ್ ಚೌಕದಲ್ಲೋ ನಡೆಯುವ ಸಂತೆಯಿಂದ ಬ್ರೆಡ್ಡು, ಹಣ್ಣು, ತರಕಾರಿ ತಂದು ಒಂದು ಹೊತ್ತು ಮನೆಯೂಟದಂತೆ ಮಾಡಿಕೊಳ್ಳುವುದು ಜೇಬಿಗೂ ಹಿತ.

ಮಾಂಸಾಹಾರಿಗಳಿಗೆ ಬಿಯರಿನಲ್ಲಿ ಬೇಯಿಸಿದ ದನದ ಮಾಂಸ, ಮರುವಾಯಿ ಜಾತಿಯ ಕಪ್ಪು ಚಿಪ್ಪಿನ ಮಸ್ಸೆಲ್, ವಾಟರ್‌ಝೋಯಿ ಎಂಬ ಕೋಳಿ ಅಥವಾ ಮೀನಿನ ಬಿಳಿ ಸಾರು ಇಲ್ಲಿಯ ಹೆಸರಾಂತ ಅಡುಗೆಗಳು. ಖಾರದ ಆಸೆ ಬೇಡ.

ವಿವಾಹ ವಾರ್ಷಿಕೋತ್ಸವದ ಊಟವನ್ನು ಹೇಗೆ ಗೊತ್ತುಮಾಡಬೇಕು?

ಎರಡು ಮೂರು ವಾರ ಮುಂಚೆ ಕಾಯ್ದಿರಿಸಿ. ಚಿಕ್ಕ ಊರು, ಚಿಕ್ಕ ರೆಸ್ಟೊರೆಂಟುಗಳು; ಹತ್ತು ಹನ್ನೆರಡು ಮೇಜುಗಳಷ್ಟೇ ಇರುತ್ತವೆ. ರಾತ್ರಿ ಒಂಬತ್ತಾದ ಮೇಲೆ ಹಲವು ಅಡುಗೆಮನೆಗಳು ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮಾರ್ಕ್ಟ್ ಚೌಕದ ಅಂಚಿನ ಮೇಜುಗಳಲ್ಲಿ ನೋಟಕ್ಕೆ ಬೆಲೆ ಕಟ್ಟುತ್ತೀರಿ, ರುಚಿಗಲ್ಲ. ಅಲ್ಲಿ ಒಂದು ಬಿಸಿ ಚಾಕೊಲೇಟ್ ಕುಡಿದು ಊಟಕ್ಕೆ ಎರಡು ಬೀದಿ ಒಳಗೆ ಹೋಗಿ. ಕುಡಿಯುವ ನೀರನ್ನು ಸೀಸೆಯಲ್ಲಿ ಕೊಟ್ಟು ದುಡ್ಡು ತೆಗೆದುಕೊಳ್ಳುವುದು ಇಲ್ಲಿ ವಾಡಿಕೆ. ಕೋಣೆಯ ನಲ್ಲಿಯ ನೀರು ಧಾರಾಳವಾಗಿ ಕುಡಿಯಬಹುದಾದ್ದು, ತುಂಬಿಸಿಕೊಂಡು ಹೊರಡಿ.

ಚಾಕೊಲೇಟ್, ಲೇಸ್, ಬಿಯರ್: ಏನು ಕೊಳ್ಳಬೇಕು?

ಒಳಗೆ ಮೃದುವಾದ ಹೂರಣವಿರುವ ಪ್ರಲೀನ್ ಎಂಬ ಚಾಕೊಲೇಟನ್ನು 1912ರಲ್ಲಿ ಬ್ರಸೆಲ್ಸ್‌ನ ಜಾನ್ ನೊಯ್‌ಹೌಸ್ ರೂಪಿಸಿದ. ಬ್ರೂಜ್‌ನಲ್ಲಿ ಅದನ್ನು ಅಂಗಡಿಯಲ್ಲೇ ಕೈಯಿಂದ ಮಾಡುವವರಿದ್ದಾರೆ. ಒಂದೊಂದಾಗಿ ಆರಿಸಿ ತೂಕದ ಲೆಕ್ಕದಲ್ಲಿ ಕೊಳ್ಳಬಹುದು. ತಾಜಾ ಕೆನೆಯಿರುವವು ಎರಡು ಮೂರು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ, ಕೆಲವದರಲ್ಲಿ ಮದ್ಯವಿರುತ್ತದೆ. ಊರಿನಲ್ಲಿರುವ ಅತ್ತೆ ಮಾವನಿಗೆ ಒಯ್ಯುವಾಗ ಎರಡನ್ನೂ ನೆನಪಿಡಿ.

ಲೇಸಿನ ವಿಷಯದಲ್ಲಿ ಬೆಲೆಯೇ ಸಾಕ್ಷಿ. ದಿಂಬಿನ ಮೇಲೆ ಹತ್ತಾರು ನೂಲುಕಡ್ಡಿಗಳನ್ನು ಹೆಣೆಯುತ್ತಾ ಅಂಗೈಯಗಲದ ಕಸೂತಿ ಮಾಡಲು ದಿನಗಟ್ಟಲೆ ಹಿಡಿಯುತ್ತದೆ. ಹತ್ತು ಯೂರೊಗೆ ಸಿಗುವ ಮೇಜುಬಟ್ಟೆ ಯಂತ್ರದ್ದೇ. ಸಿಂಟ್-ಅನ್ನಾ ಬಡಾವಣೆಯ ಲೇಸ್ ಕೇಂದ್ರದಲ್ಲಿ ಹೆಣೆಯುವುದನ್ನು ಕಣ್ಣಾರೆ ನೋಡಿದ ಮೇಲೆ ಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಬಿಯರ್ ಕುಡಿಯುವವರಿಗೆ ಊರಿನೊಳಗೇ ಇರುವ ಡೆ ಹಾಲ್ವೆ ಮಾನ್ ಭಟ್ಟಿಯಿದೆ. ಕಲ್ಲುಹಾಸಿನ ಬೀದಿಗಳಲ್ಲಿ ಲಾರಿ ಓಡಾಟ ತಪ್ಪಿಸಲು 2016ರಲ್ಲಿ ಅವರು ನೆಲದಡಿ ಸುಮಾರು ಮೂರು ಕಿಲೊಮೀಟರ್ ಕೊಳವೆ ಹಾಕಿ, ಊರ ಹೊರಗಿನ ಸೀಸೆ ತುಂಬುವ ಘಟಕಕ್ಕೆ ಬಿಯರನ್ನು ಹರಿಸತೊಡಗಿದರು. ಬೆಲ್ಜಿಯಂನ ಹಲವು ಬಿಯರ್‌ಗಳಲ್ಲಿ ಅಮಲು ಹೆಚ್ಚು; ಒಂದಕ್ಕೇ ನಿಲ್ಲಿಸಿದರೆ ಸಂಜೆಯ ನಡಿಗೆ ಉಳಿಯುತ್ತದೆ.

ಜನಜಂಗುಳಿಯ ಮಧ್ಯಾಹ್ನದಲ್ಲಿ ಎಲ್ಲಿಗೆ ಹೋಗಬೇಕು?

ಸೈಕಲ್ ಬಾಡಿಗೆಗೆ ಹಿಡಿದು ಡಾಮ್ಮೆಗೆ. ಆರೇಳು ಕಿಲೊಮೀಟರ್ ದೂರ, ಏರಿಳಿತವೇ ಇಲ್ಲದ ದಾರಿ. ನೆಪೋಲಿಯನ್ ಆಜ್ಞೆಯಂತೆ ಸ್ಪೇನಿನ ಯುದ್ಧಕೈದಿಗಳಿಂದ ತೋಡಿಸಿದ ಕಾಲುವೆಯ ದಂಡೆಯಲ್ಲಿ, ಗಾಳಿಗೆ ಒಂದೇ ಕಡೆಗೆ ವಾಲಿದ ಪಾಪ್ಲರ್ ಮರಗಳ ಸಾಲಿನಡಿ ಸಾಗುತ್ತೀರಿ. ಊರು ಬಿಡುವ ಮುನ್ನ ಕ್ರೌಸ್‌ವೆಸ್ಟ್ ದಿಣ್ಣೆಯ ಮೇಲೆ ಗಾಳಿಗಿರಣಿಗಳು ಸಿಗುತ್ತವೆ. ಅವುಗಳಲ್ಲಿ ಸಿಂಟ್-ಯಾನ್ಸ್‌ಹೌಸ್ ಗಿರಣಿ 1770ರದು, ಈಗಲೂ ಧಾನ್ಯ ಬೀಸುತ್ತದೆ. ಡಾಮ್ಮೆ ಈಗ ಹಳ್ಳಿಯಂಥ ಪುಟ್ಟ ಊರು. 1468ರ ಜುಲೈನಲ್ಲಿ ಮೇಲೆ ಹೇಳಿದ ಮೇರಿಯ ತಂದೆ, ಬರ್ಗಂಡಿಯ ಚಾರ್ಲ್ಸ್ ಮತ್ತು ಇಂಗ್ಲೆಂಡಿನ ದೊರೆಯ ತಂಗಿ ಮಾರ್ಗರೆಟ್ ಮದುವೆಯಾದದ್ದು ಇಲ್ಲಿಯೇ. ನಂತರದ ಔತಣ, ಮೆರವಣಿಗೆ, ಕುದುರೆಸವಾರರ ಕಾಳಗ ಬ್ರೂಜ್‌ನಲ್ಲಿ ದಿನಗಟ್ಟಲೆ ನಡೆದವು. ನಮ್ಮ ಮದುವೆಗಳ ಆಡಂಬರದ ಬಗ್ಗೆ ನಾಚಿಕೊಳ್ಳುವವರಿಗೆ ಆ ವಿವರಗಳು ಸಮಾಧಾನ ಕೊಡಬಹುದು.

ಸೈಕಲ್ ಬಾರದವರಿಗೆ ಬೇಸಿಗೆಯ ತಿಂಗಳುಗಳಲ್ಲಿ ಅದೇ ಕಾಲುವೆಯಲ್ಲಿ ದೋಣಿಯಿದೆ.

ಕುದುರೆಗಾಡಿ?

ಮಾರ್ಕ್ಟ್‌ನಿಂದ ಹೊರಡುತ್ತದೆ, ಅರ್ಧ ಗಂಟೆ, ಗಾಡಿಗೆ ಇಷ್ಟು ಎಂಬ ದರ. ಇಬ್ಬರಿಗೇ ದುಬಾರಿ. ಮೈಸೂರಿನ ಟಾಂಗಾದಲ್ಲಿ ಕೂತವರಿಗೆ ಹೊಸ ಅನುಭವವೇನೂ ಅಲ್ಲ.

ಉಡುಪು, ಪಾದರಕ್ಷೆ, ಸೀರೆಯ ಫೋಟೊ?

ಬೀದಿಗಳೆಲ್ಲ ಉಬ್ಬುತಗ್ಗಿನ ಕಲ್ಲುಹಾಸು. ಎತ್ತರದ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ, ಸೂಟ್‌ಕೇಸಿನ ಗಾಲಿ ಕಿತ್ತುಬರುತ್ತದೆ. ಮಳೆ ಯಾವ ತಿಂಗಳಲ್ಲೂ ಬರಬಹುದು, ಜೊತೆಗೆ ಗಾಳಿ; ಛತ್ರಿಗಿಂತ ತಲೆಮುಸುಕಿರುವ ಮಳೆಯಂಗಿ ವಾಸಿ. ಸೀರೆಯುಟ್ಟು ಚಿತ್ರ ತೆಗೆಸಿಕೊಳ್ಳಬಯಸುವವರು ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಗ್ರೂನೆರೈ ಅಥವಾ ರೋಝೆನ್‌ಹುಡ್‌ಕಾಯ್‌ಗೆ ಹೋಗಲಿ. ಒಳಗೆ ಬೆಚ್ಚನೆಯ ಉಡುಪು, ಕಾಲಿಗೆ ಚಪ್ಪಟೆ ಬೂಟು. ನೆರಿಗೆಯಡಿ ಯಾರಿಗೂ ಕಾಣುವುದಿಲ್ಲ.

ಎರಡು ರಾತ್ರಿಯಲ್ಲಿ ಗೆಂಟ್ ನಗರವನ್ನೂ ಸೇರಿಸಬಹುದೆ?

ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲದ ದೂರ, ಸೇಂಟ್ ಬಾವೊ ಚರ್ಚಿನಲ್ಲಿ ವಾನ್ ಐಕ್ ಸೋದರರ 1432ರ ಬಲಿಪೀಠದ ಚಿತ್ರವಿದೆ, ಆಸೆಯಾಗುವುದು ಸಹಜ. ಆದರೂ ಮೂರನೆಯ ರಾತ್ರಿ ಇದ್ದರೆ ಮಾತ್ರ ಸೇರಿಸಿ. ಇಲ್ಲವಾದರೆ ಬ್ರಸೆಲ್ಸ್‌ಗೆ ಹಿಂತಿರುಗುವ ದಿನ ದಾರಿಯಲ್ಲಿ ಇಳಿದು ಎರಡು ಮೂರು ಗಂಟೆ ನೋಡಿ ಮುಂದಿನ ರೈಲು ಹಿಡಿಯಬಹುದು.

ಕೊನೆಯ ದಿನ ಕೋಣೆ ಬಿಟ್ಟ ಮೇಲೆ ಸಾಮಾನು ಎಲ್ಲಿಡಬೇಕು?

ಹೋಟೆಲಿನವರೇ ಸಂಜೆಯವರೆಗೆ ಇಟ್ಟುಕೊಳ್ಳುತ್ತಾರೆ. ಬಾಡಿಗೆ ಮನೆಯಾದರೆ ರೈಲು ನಿಲ್ದಾಣದಲ್ಲಿ ಲಾಕರುಗಳಿವೆ. ಮಾರ್ಕ್ಟ್‌ನಿಂದ ನಿಲ್ದಾಣಕ್ಕೆ ನಡಿಗೆಯಲ್ಲಿ ಇಪ್ಪತ್ತು ನಿಮಿಷ, ಸಾಮಾನಿದ್ದರೆ ಬಸ್ಸು. ಬ್ರಸೆಲ್ಸ್ ಕಡೆಗೆ ದಿನವಿಡೀ ರೈಲುಗಳಿವೆ, ಆದರೆ ಭಾನುವಾರ ಸಂಜೆ ಐದರಿಂದ ಏಳರವರೆಗೆ ಹೊರಡುವವುಗಳಲ್ಲಿ ನಿಂತೇ ಹೋಗಬೇಕಾದೀತು. ಊರು ಖಾಲಿಯಾಗುವ ಹೊತ್ತು ಅದೇ ಆದ್ದರಿಂದ, ರಾತ್ರಿ ವಿಮಾನವಿಲ್ಲದವರು ಎಂಟರ ನಂತರದ ರೈಲಿಗೆ ಹೊರಡಲಿ.